ಎಷ್ಟು ಅಡಿ ದೂರ ನಿಲ್ಲಬೇಕು, ಸ್ವಾಮಿ?

ಎಂ.ಎ. ಸೇರಿದ ಎರಡನೆಯ ವಾರ. ಸರ್ ಬೋರ್ಡಿನ ಮೇಲೆ ಒಂದರ ಸುತ್ತ ಒಂದರಂತೆ ನಾಲ್ಕು ಸುತ್ತು ಎಳೆದರು. ನಡುವೆ ಒಂದು ಚುಕ್ಕಿ. ಚುಕ್ಕಿ ಅಂದರೆ ಮನುಷ್ಯ. ಮೊದಲ ಸುತ್ತು 18 ಇಂಚಿನದು, ಅದರೊಳಗೆ ತಾಯಿ, ಮಗು, ಗಂಡ, ಹೆಂಡತಿ. ಎರಡನೆಯದು 4 ಅಡಿಯದು, ಅದು ಗೆಳೆಯರಿಗೆ. ಮೂರನೆಯದು 12 ಅಡಿಯದು, ಆಫೀಸಿನವರಿಗೆ, ವ್ಯಾಪಾರದವರಿಗೆ. ಅದರಿಂದಾಚೆಗೆ ಸಭೆ, ಭಾಷಣ, ಸಾರ್ವಜನಿಕರು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1966ರಲ್ಲಿ ಬಂದ 'ದಿ ಹಿಡನ್ ಡೈಮೆನ್ಷನ್' ಪುಸ್ತಕದಲ್ಲಿ ಕೊಟ್ಟ ಲೆಕ್ಕ ಇದು. ಮನುಷ್ಯರು ಮಾತಾಡುವಾಗ ನಡುವೆ ಬಿಡುವ ಜಾಗವೂ ಒಂದು ಭಾಷೆ, ಆ ಭಾಷೆ ಜನದಿಂದ ಜನಕ್ಕೆ ಬೇರೆ, ಅದು ಗೊತ್ತಿಲ್ಲದಿದ್ದರೆ ಒಬ್ಬರನ್ನೊಬ್ಬರು ತಪ್ಪು ತಿಳೀತಾರೆ ಅಂತ ಪಾಠ. ಪಾಠ ಚೆನ್ನಾಗಿತ್ತು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಕೊನೆಗೆ ಸರ್ ಒಬ್ಬೊಬ್ಬರನ್ನೇ ಕೇಳಿದರು: "ನಿಮ್ಮ ಕಡೆ ಎಷ್ಟು ದೂರ ನಿಂತು ಮಾತಾಡ್ತೀರಿ?" ಮುಂಬಯಿಯ ಹುಡುಗಿ ಲೋಕಲ್ ರೈಲಿನ ಕತೆ ಹೇಳಿದಳು, ಎಲ್ಲರೂ ನಕ್ಕರು. ನನ್ನ ಸರದಿ ಬಂತು. ನನ್ನ ಕಣ್ಣಿಗೆ ಬಂದದ್ದು ಎಲ್ಲೂರಿನ ಒಂದು ಅಂಗಳ. ಅಮ್ಮ ನೇಜಿ ನೆಡಲು ಹೋಗುತ್ತಿದ್ದ ಮನೆಯ ಅಂಗಳ. ಧಣಿ ಚಾವಡಿಯಲ್ಲಿ ಕೂತಿದ್ದಾರೆ. ಅಂಗಳದ ಆ ತುದಿಯಲ್ಲಿ ಬೈಹುಲ್ಲಿನ ರಾಶಿ, ರಾಶಿಯ ಪಕ್ಕ ಅಮ್ಮ. ನಡುವೆ ಎಷ್ಟು ಅಡಿ? ನಾನು ಅಳೆದವನಲ್ಲ. 12 ಅಡಿಗಂತೂ ಬಹಳ ಜಾಸ್ತಿ. ಹಾಲ್ ಸಾಹೇಬರ ಲೆಕ್ಕದಲ್ಲಿ ಅದು ಸಾರ್ವಜನಿಕ ದೂರ. ಹಾಗಾದರೆ ಧಣಿಗಳು ನನ್ನ ಅಮ್ಮನೊಬ್ಬಳನ್ನೇ ನಿಲ್ಲಿಸಿಕೊಂಡು ವರ್ಷಗಟ್ಟಲೆ ಸಾರ್ವಜನಿಕ ಭಾಷಣ ಮಾಡುತ್ತಿದ್ದರು ಎಂದಾಯಿತು! ಈಗ ಆ ಮನೆಯಲ್ಲಿ ಯಾರೂ ಅವಳಿಗೆ ಅಲ್ಲೇ ನಿಲ್ಲು ಅಂತ ಹೇಳುವುದಿಲ್ಲ. ಮಕ್ಕಳೆಲ್ಲ ಓದಿದವರು, ಒಳ್ಳೆಯವರೇ. ಆದರೂ ಅಮ್ಮನ ಕಾಲು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ತರಗತಿಯಲ್ಲಿ ನಾನು "ನಾರ್ಮಲ್ ಸರ್" ಅಂದು ಕೂತೆ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯದ ಹೆಸರು ಅಂತರ್‌ಸಾಂಸ್ಕೃತಿಕ ಸಂವಹನ. ಒಂದು ಸಂಸ್ಕೃತಿಯವನು ಇನ್ನೊಂದು ಸಂಸ್ಕೃತಿಯವನ ಜೊತೆ ಮಾತಾಡುವಾಗ ಎಲ್ಲಿ ಎಡವುತ್ತಾನೆ, ಯಾಕೆ ಎಡವುತ್ತಾನೆ ಎಂದು ಕಲಿಸುವ ವಿದ್ಯೆ. ನಾನು ಎಲ್ಲಿ ಓದಿದೆ ಎಂಬುದು ಮುಖ್ಯವಲ್ಲ. ನಾನು ನೋಡಿದ ಸಿಲೆಬಸ್‌ಗಳೆಲ್ಲ ಒಂದೇ ತಾಯಿಯ ಮಕ್ಕಳು. ನಮ್ಮ ಕಾಲನಿಗಳಿಂದ ಈಗ ಹುಡುಗ ಹುಡುಗಿಯರು ಇಂಥ ಕೋರ್ಸುಗಳಿಗೆ ಹೋಗುತ್ತಿದ್ದಾರೆ. ಹೋಗಬೇಕು. ಎಲ್ಲೂರಿನಲ್ಲಿ ಬಸ್ಸು ಹತ್ತಿದರೆ ಗಂಟೆಯೊಳಗೆ ಮಣಿಪಾಲ. ಮಲೇಷ್ಯಾದಿಂದ ಡಾಕ್ಟರಿ ಓದಲು ಬಂದ ಮಕ್ಕಳನ್ನು ಎರಡು ದಶಕ ಕಂಡ ಊರು ಅದು. ಈ ವಿದ್ಯೆ ಕಲಿತವರಿಗೆ ಅಲ್ಲಿ ಕೆಲಸ ಉಂಟು, ಹೊರಗೂ ಉಂಟು. ನಾನು ಕೇಳುವುದು ಬೇರೆ ಪ್ರಶ್ನೆ: ಈ ವಿದ್ಯೆ ಯಾರ ಚಾವಡಿಯಲ್ಲಿ ಕೂತು ಜಗತ್ತನ್ನು ನೋಡುತ್ತದೆ?

ಹುಟ್ಟನ್ನು ನೋಡಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಲೋಕದ ಎಲ್ಲ ಮೂಲೆಗೂ ತನ್ನ ಅಧಿಕಾರಿಗಳನ್ನು ಕಳಿಸಬೇಕಾಯಿತು. ಅವರನ್ನು ತಯಾರು ಮಾಡಲು 1947ರಲ್ಲಿ ಫಾರಿನ್ ಸರ್ವೀಸ್ ಇನ್‌ಸ್ಟಿಟ್ಯೂಟ್ ಸುರುವಾಯಿತು. 1950ರ ದಶಕದ ಮೊದಲರ್ಧದಲ್ಲಿ ಹಾಲ್ ಅಲ್ಲಿ ಪಾಠ ಮಾಡಿದರು. ಆ ಅನುಭವದಿಂದ 1959ರಲ್ಲಿ 'ದಿ ಸೈಲೆಂಟ್ ಲಾಂಗ್ವೇಜ್' ಬಂತು. ಈ ಶಾಸ್ತ್ರ ಅಲ್ಲಿಂದ ಲೆಕ್ಕ. ಅಂದರೆ ಇದು ಹೊರಗೆ ಹೋಗುವ ಅಧಿಕಾರಿಗೆ ಬೇಕಾಗಿ ಹುಟ್ಟಿದ ವಿದ್ಯೆ. ಅವನು ಯಾವ ದೇಶದಲ್ಲಿ ಕೈಕುಲುಕಬೇಕು, ಎಲ್ಲಿ ಕಾಯಬೇಕು, ಎಲ್ಲಿ ಮೌನಕ್ಕೆ ಏನರ್ಥ. ಆಮೇಲೆ ಅಧಿಕಾರಿಯ ಜಾಗಕ್ಕೆ ಕಂಪೆನಿಯ ಮ್ಯಾನೇಜರ್ ಬಂದ.

ಹಾಲ್‌ಗೆ ಅನ್ಯಾಯ ಮಾಡಬಾರದು. ಆತ 1930ರ ದಶಕದಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿ, ನವಾಹೋ ಮತ್ತು ಹೋಪಿ ಜನರ ಮೀಸಲು ಪ್ರದೇಶಗಳಲ್ಲಿ ಅಣೆಕಟ್ಟು, ರಸ್ತೆ ಕೆಲಸ ಮಾಡಿಸಿದವರು. ಒಂದೇ ದೇಶದೊಳಗೆ ನೆಲ ಕಳೆದುಕೊಂಡವರ ಜೊತೆ, ನೆಲ ಕಿತ್ತುಕೊಂಡವರ ಕಡೆಯಿಂದ ಹೋಗಿ ನಿಂತು ಮಾತಾಡುವುದು ಎಂದರೇನು ಅಂತ ಅವರಿಗೆ ಗೊತ್ತಿತ್ತು. ತನ್ನ 18 ಇಂಚು, 4 ಅಡಿಯ ಲೆಕ್ಕ ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮ ವರ್ಗದವರನ್ನು ನೋಡಿ ಮಾಡಿದ್ದು ಎಂದೂ ಅವರೇ ಬರೆದಿದ್ದಾರೆ. ನಮ್ಮ ಕೈಗೆ ಬಂದ ಪಠ್ಯಪುಸ್ತಕದಲ್ಲಿ ಸುತ್ತುಗಳು ಉಳಿದವು, ಆ ಎಚ್ಚರಿಕೆ ಉದುರಿಹೋಯಿತು.

ಎರಡನೆಯ ಸೆಮಿಸ್ಟರಿಗೆ ಹಾಫ್‌ಸ್ಟೆಡ್ ಬಂದ. ಗೇರ್ಟ್ ಹಾಫ್‌ಸ್ಟೆಡ್, ಡಚ್ ವಿದ್ವಾಂಸ, 1980ರಲ್ಲಿ 'ಕಲ್ಚರ್ಸ್ ಕಾನ್ಸಿಕ್ವೆನ್ಸಸ್' ಬರೆದವನು. ಐ.ಬಿ.ಎಂ. ಕಂಪೆನಿಯ ನೌಕರರಿಂದ 1967ರಿಂದ 1973ರ ನಡುವೆ ತುಂಬಿಸಿಕೊಂಡ ಲಕ್ಷಕ್ಕೂ ಮೀರಿದ ಪ್ರಶ್ನಾವಳಿಗಳಿಂದ ದೇಶದೇಶಕ್ಕೆ ಅಂಕ ಹಾಕಿದ. ಅದರಲ್ಲಿ ಒಂದು ಅಂಕಕ್ಕೆ 'ಪವರ್ ಡಿಸ್ಟೆನ್ಸ್' ಎಂದು ಹೆಸರು, ಅಧಿಕಾರದ ದೂರ. ಅಮೆರಿಕಕ್ಕೆ 40. ಭಾರತಕ್ಕೆ 77. ನಮ್ಮ ಕ್ಲಾಸಿನಲ್ಲಿ ಎಲ್ಲರೂ 77 ಅಂತ ನೋಟ್ಸಿನಲ್ಲಿ ಬರೆದುಕೊಂಡೆವು. ಪರೀಕ್ಷೆಯಲ್ಲೂ ಬರೆದೆವು. ನನಗೆ ಅದಕ್ಕೆ ಒಳ್ಳೆಯ ಮಾರ್ಕು ಬಂತು.

ಈ 77ರ ಅರ್ಥ ಏನು ಗೊತ್ತಾ ಗೆಳೆಯರೇ? ಕೆಳಗಿರುವವರು ಅಧಿಕಾರ ಸಮನಾಗಿ ಹಂಚಿಕೆಯಾಗದೆ ಇರುವುದನ್ನು ಎಷ್ಟರಮಟ್ಟಿಗೆ ನಿರೀಕ್ಷಿಸುತ್ತಾರೆ, ಒಪ್ಪಿಕೊಂಡಿರುತ್ತಾರೆ ಎಂಬುದರ ಅಳತೆ ಅಂತೆ. ಒಪ್ಪಿಕೊಂಡಿರುತ್ತಾರೆ! ಯಾರನ್ನು ಕೇಳಿದರು? ಆ ಕಾಲದಲ್ಲಿ ಭಾರತದ ಐ.ಬಿ.ಎಂ. ಆಫೀಸಿನಲ್ಲಿ ಕುರ್ಚಿ ಸಿಕ್ಕಿದವರು ಯಾರು? ಆ ಕಂಪೆನಿ 1978ರಲ್ಲಿ ದೇಶ ಬಿಟ್ಟಿತು, ಬಹಳ ವರ್ಷದ ಮೇಲೆ ತಿರುಗಿ ಬಂತು, ಅದು ಬೇರೆ ಕತೆ. ಬೀಡಿ ಕಟ್ಟುವ ನನ್ನ ಅಮ್ಮನಿಗೆ ಆ ಪ್ರಶ್ನಾವಳಿ ಬರಲಿಲ್ಲ. ಬ್ರಾಂಚಿನಲ್ಲಿ ಅವಳು ಕಟ್ಟಿದ ಬೀಡಿಯಲ್ಲಿ ಹಿಡಿಹಿಡಿ ತೆಗೆದು ಚೆನ್ನಾಗಿಲ್ಲ ಅಂತ ಆಚೆಗೆ ಹಾಕುವಾಗ ಅವಳು ಸುಮ್ಮನಿರುತ್ತಾಳೆ. ಅದು ಒಪ್ಪಿಗೆಯಾ? ನಾಳೆ ಎಲೆ, ಹೊಗೆಸೊಪ್ಪು ಕೊಡದಿದ್ದರೆ ಅನ್ನುವ ಭಯವಾ? ಮನೆಗೆ ಬಂದು ಒಲೆ ಮುಂದೆ ಕೂತು ಅವಳು ಬ್ರಾಂಚಿನವನಿಗೆ ಹಾಕುವ ಶಾಪವನ್ನು ಹಾಫ್‌ಸ್ಟೆಡ್ ಸಾಹೇಬ ಕೇಳಿಸಿಕೊಂಡಿದ್ದರೆ 77 ಎಷ್ಟಕ್ಕೆ ಇಳೀತಿತ್ತೋ! 1927ರ ಮಾರ್ಚ್ 20ಕ್ಕೆ ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದವರು ಏನನ್ನು ಒಪ್ಪಿಕೊಂಡಿದ್ದರು? ಒಂದು ದೇಶಕ್ಕೆ ಒಂದು ಸಂಸ್ಕೃತಿ, ಒಂದು ಸಂಸ್ಕೃತಿಗೆ ಒಂದು ಅಂಕ. ಹೀಗೆ ಮಾಡಿದ ಕೂಡಲೇ ಧಣಿ ಮತ್ತು ಅಮ್ಮ ಒಂದೇ ಅಂಕದೊಳಗೆ ಅಕ್ಕಪಕ್ಕ ಕೂತುಬಿಟ್ಟರು. ಎಲ್ಲೂರಿನಲ್ಲಿ ಆಗದ್ದು ಪಠ್ಯಪುಸ್ತಕದಲ್ಲಿ ಆಯಿತು.

ಪ್ರಬಂಧಕ್ಕೆ ವಿಷಯ ಆರಿಸುವ ದಿನ ನಾನು ಇದನ್ನೇ ಹೇಳಿದೆ. ನಮ್ಮ ಊರಿನ ಅಂಗಳದಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವಾಗ ಬಾಯಿ ಮುಚ್ಚುತ್ತಾರೆ, ಅದನ್ನು ಬರೆಯುತ್ತೇನೆ ಅಂದೆ. ತುಳುವಿನಲ್ಲಿ 'ಈ' ಅಂದರೆ ನೀನು, 'ಈರ್' ಅಂದರೆ ನೀವು. ಅಮ್ಮ ಅರುವತ್ತು ಕಳೆದರೂ 'ಈ'ಯಲ್ಲೇ ಇದ್ದಾಳೆ, ಆ ಮನೆಯ ಹತ್ತು ವರ್ಷದ ಹುಡುಗ ಅವಳ ಬಾಯಲ್ಲಿ 'ಈರ್' ಆಗಿದ್ದಾನೆ. ಗೈಡ್ ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡು, "ಇದು ಸೋಷಿಯಾಲಜಿ ಆಯಿತಲ್ಲ ಮಾರಾಯ. ನಮ್ಮದರಲ್ಲಿ ಎರಡು ಕಲ್ಚರ್ ಬೇಕು. ಇಲ್ಲಿ ಇರುವುದು ಒಂದೇ ಅಲ್ವಾ? ಇಬ್ಬರೂ ತುಳುವರು, ಇಬ್ಬರೂ ಒಂದೇ ಭೂತಕ್ಕೆ ಕೈಮುಗಿಯುವವರು. ನೀನು ಫಾರಿನ್ ಸ್ಟೂಡೆಂಟ್ಸ್ ಮೇಲೆ ಮಾಡು, ಡಾಟಾ ಸುಲಭ ಸಿಗ್ತದೆ" ಅಂದರು. ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅವರ ಪುಸ್ತಕದಲ್ಲಿ ಹಾಗೆ ಇತ್ತು.

ಸರಿ, ಅವರದೇ ಮಾತು ಹಿಡಿಯುವ. ನಮ್ಮೂರಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಉಂಟು, 600 ಮೆಗಾವಾಟಿನ ಎರಡು ಘಟಕ. ಮೊದಲನೆಯದು 2010ರಲ್ಲಿ ಸುರುವಾಯಿತು. ಅದನ್ನು ಕಟ್ಟುವ ಕಾಲಕ್ಕೆ ಉತ್ತರದ ರಾಜ್ಯಗಳಿಂದ ಕೆಲಸದವರು ಬಂದು ಇಳಿದರು. ನಾನು ಆಗ ಶಾಲೆಗೆ ಹೋಗುವ ಹುಡುಗ. ಅವರಿಗೆ ತುಳು ಇಲ್ಲ, ಕನ್ನಡ ಇಲ್ಲ. ಚಾದಂಗಡಿಯವರಿಗೆ ಹಿಂದಿ ಇಲ್ಲ. ಇದು ಪುಸ್ತಕದಲ್ಲಿ ಹೇಳುವ ಸರಿಯಾದ ಸಮಸ್ಯೆ: ಎರಡು ಭಾಷೆ, ಎರಡು ಊಟ, ಎರಡು ದೇಶದಷ್ಟು ದೂರ. ಎಷ್ಟು ದಿನ ಬೇಕಾಯಿತು? ಒಂದು ವಾರ. ಅಂಗಡಿಯವರು 'ಕಿತ್ನಾ' ಕಲಿತರು, ಅವರು 'ಒಂಜಿ ಚಾ' ಕಲಿತರು. ಅದೇ ಬೆಂಚು, ಅದೇ ಗ್ಲಾಸು. ಅದೇ ಹೊತ್ತಿಗೆ ಅದೇ ಅಂಗಡಿಗೆ ಕೊಪ್ಪದಿಂದ ಕೊರಗರ ಮುದುಕರೊಬ್ಬರು ಬರುತ್ತಿದ್ದರು. ಅವರ ತುಳುವಿನಲ್ಲಿ ಅಂಗಡಿಯವರಿಗೆ ತಿಳಿಯದ ಒಂದು ಶಬ್ದವೂ ಇರಲಿಲ್ಲ. ಅವರು ಚಾ ತೆಗೆದುಕೊಂಡು ಹೊರಗೆ ಹೋಗಿ ತೋಡಿನ ಬದಿಯಲ್ಲಿ ನಿಂತು ಕುಡಿದು ಹೋಗುತ್ತಿದ್ದರು. ಯಾರೂ ಅವರಿಗೆ ಹೋಗು ಎಂದದ್ದನ್ನು ನಾನು ಕೇಳಿಲ್ಲ. ಕೂತುಕೋ ಎಂದದ್ದನ್ನೂ ಕೇಳಿಲ್ಲ. ಭಾಷೆ ಬೇರೆಯಾದವರು ಒಂದು ವಾರದಲ್ಲಿ ಒಂದೇ ಬೆಂಚಿಗೆ ಬಂದರು. ಭಾಷೆ ಒಂದೇ ಆದವರು ತಲೆತಲಾಂತರದಿಂದ ತೋಡಿನ ಬದಿಯಲ್ಲೇ ಇದ್ದಾರೆ. ಅಡ್ಡಿ ಇರುವುದು ಸಂಸ್ಕೃತಿಯ ವ್ಯತ್ಯಾಸದಲ್ಲಿ ಎನ್ನುವ ಶಾಸ್ತ್ರ ಇದಕ್ಕೆ ಏನು ಉತ್ತರ ಹೇಳುತ್ತದೆ?

ಕೊರಗರ ವಿಷಯ ಬಂತು, ಸ್ವಲ್ಪ ನಿಲ್ಲುವ. ಅವರಿಗೆ ಅವರದೇ ಭಾಷೆ ಉಂಟು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಆ ಭಾಷೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಕೊಪ್ಪದೊಳಗೆ ಕೊರಗ ಭಾಷೆ, ಊರಿನವರ ಜೊತೆ ತುಳು, ಶಾಲೆಗೆ, ಪಂಚಾಯತಿಗೆ ಕನ್ನಡ. ಅಕ್ಷರ ಕಲಿಯದ ಕೊರಗರ ಅಜ್ಜಿಯೂ ದಿನಕ್ಕೆ ಎರಡು ಮೂರು ಸಲ ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ದಾಟಿ ಬರುತ್ತಾಳೆ. ಯಾವ ಮನೆಗೆ ಯಾವ ದಾರಿಯಿಂದ ಹೋಗಬೇಕು, ಯಾರಿಗೆ ಯಾವ ದನಿ, ಯಾವ ಮನೆಯ ಯಾವ ಸಿಟ್ಟು ಎಷ್ಟು ಹೊತ್ತಿನದು, ಎಲ್ಲ ಬಲ್ಲಳು. ಅವಳಿಗೆ ಈ ಎಂ.ಎ. ಯಾಕೆ ಬೇಕು? ಕೊರಗ ಭಾಷೆ ಕಲಿತ ತುಳುವರನ್ನು ನಾನು ಈ ತನಕ ಕಂಡಿಲ್ಲ. ಇಲ್ಲಿ ತಿಳಿದುಕೊಳ್ಳುವ ಕೆಲಸ ಎಲ್ಲ ಒಂದೇ ಕಡೆಯವರ ಹೆಗಲ ಮೇಲೆ ಬಿದ್ದಿದೆ. ಕೆಳಗಿನವನು ಮೇಲಿನವನ ಮುಖ ಓದಲೇಬೇಕು, ಓದದಿದ್ದರೆ ಅನ್ನ ಇಲ್ಲ. ಮೇಲಿನವನಿಗೆ ಆ ತೊಂದರೆ ಇಲ್ಲ. ಈ ಒಂದು ಮಾತು ನನಗೆ ಎರಡು ವರ್ಷದ ಪಾಠದಲ್ಲಿ ಎಲ್ಲೂ ಸಿಗಲಿಲ್ಲ.

ಬಾಯಿಗೇ ಬೀಗ ಹಾಕಿದ ಚರಿತ್ರೆ ಇದು. ಕೊರಗರಲ್ಲಿ 'ಅಂಡೆ ಕೊರಗ' ಎಂಬ ಹೆಸರು ಹೊತ್ತವರಿದ್ದರು. ಅವರ ಉಗುಳು ದಾರಿಗೆ ಬಿದ್ದರೆ ಮೈಲಿಗೆ ಎಂದು ಕುತ್ತಿಗೆಗೆ ಅಂಡೆ ಕಟ್ಟಿಕೊಂಡು ಓಡಾಡಬೇಕಿತ್ತು ಎಂಬುದನ್ನು 1909ರ ಥರ್ಸ್ಟನ್‌ನ ಸಂಪುಟಗಳಲ್ಲಿ ಓದಬಹುದು. ಮಲಬಾರಿನಲ್ಲಿ ಜಾತಿಜಾತಿಗೆ ಇಂತಿಷ್ಟು ಹೆಜ್ಜೆ ದೂರ ಎಂದು ಲೆಕ್ಕ ಇದ್ದದ್ದನ್ನೂ ಬ್ರಿಟಿಷರ ಕಾಲದಲ್ಲಿ ಬರೆದಿಟ್ಟಿದ್ದಾರೆ. ಹಾಲ್ ಸಾಹೇಬರು ಹುಟ್ಟುವುದಕ್ಕೆ ಮೊದಲೇ ನಮ್ಮಲ್ಲಿ ದೂರದ ಶಾಸ್ತ್ರ ಪಕ್ಕಾ ಆಗಿತ್ತು ಸ್ವಾಮಿ! ಕೊರಗರ ಕೈಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು, ಇವೆಲ್ಲ ಸೇರಿದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾಯಿದೆ ಬಂದದ್ದು ಯಾವಾಗ? 2000ನೇ ಇಸವಿಯಲ್ಲಿ. ಕಂಪ್ಯೂಟರು, ಇಂಟರ್‌ನೆಟ್ಟು ಬಂದ ಮೇಲೆ. ಇತ್ತ ಕೊರಗಜ್ಜನ ಕಟ್ಟೆಗಳು ಊರೂರಿಗೆ ಏಳುತ್ತಿವೆ, ಎಲ್ಲ ಜಾತಿಯವರೂ ಚಕ್ಕುಲಿ, ವೀಳ್ಯದೆಲೆ ಇಟ್ಟು ಕೈಮುಗಿಯುತ್ತಾರೆ. ದೈವವಾದ ಕೊರಗನ ಜೊತೆ ಸಂವಹನ ಸಲೀಸಾಗಿದೆ.

ಹಾಗಾದರೆ ನಮ್ಮ ಸಾಹಿತ್ಯ ಈ ದೂರವನ್ನು ಹೇಗೆ ಬರೆದಿದೆ? ಪಠ್ಯದಲ್ಲಿ ಜಪಾನಿನ ಮ್ಯಾನೇಜರನ ಕತೆ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಎರಡು ಕಾದಂಬರಿ. ಒಂದು ನಮ್ಮದೇ ಜಿಲ್ಲೆಯದು, ಶಿವರಾಮ ಕಾರಂತರ 'ಚೋಮನ ದುಡಿ', 1933. ಬೇಸಾಯ ಮಾಡಬೇಕು ಎನ್ನುವುದು ಚೋಮನ ಒಂದೇ ಆಸೆ. ಧಣಿ ಸಂಕಪ್ಪಯ್ಯನ ಮನಸ್ಸು ಕಲ್ಲಲ್ಲ, ಆದರೆ ತಾಯಿಯ ಮಾತು ಅಡ್ಡ ಬರುತ್ತದೆ. ಚೋಮನ ಮಾತು ಅವರಿಗೆ ಅರ್ಥವಾಗುವುದಿಲ್ಲವಾ? ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾದ್ದರಿಂದಲೇ ಇಲ್ಲ ಎನ್ನುತ್ತಾರೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು, ಹುಡುಗನ ಕೂಗು ಕೇಳಿತ್ತು. ಮುಟ್ಟುವುದು ಯಾರು ಎನ್ನುವಲ್ಲಿ ಜೀವ ಹೋಯಿತು. ಸಂವಹನ ಪೂರ್ತಿಯಾಗಿ, ಮನುಷ್ಯ ಸತ್ತ ಪ್ರಸಂಗ ಅದು. ಕಾರಂತರು ಈ ಕ್ರೌರ್ಯವನ್ನು ತೊಂಬತ್ತು ವರ್ಷದ ಹಿಂದೆ ಕಂಡದ್ದು ದೊಡ್ಡದು. ನನಗೆ ಅಸಮಾಧಾನ ಇರುವುದು ಚೋಮನ ಬಾಯಿಯ ಕನ್ನಡದ ಬಗ್ಗೆ. ಚೋಮ ತುಳುವಿನ ಮನುಷ್ಯ. ಗುಡಿಸಲೊಳಗೆ ಮಕ್ಕಳ ಜೊತೆ ಒಂದು ಮಾತು, ಅಂಗಳದಲ್ಲಿ ಧಣಿಯ ಮುಂದೆ ಇನ್ನೊಂದು ಮಾತು, ಇವೆರಡರ ನಡುವಿನ ಕಂದರ ಪುಸ್ತಕದ ಕನ್ನಡದಲ್ಲಿ ಸಪಾಟಾಗಿಬಿಟ್ಟಿದೆ. ಆ ಕೊರತೆ ಅವರಿಗೂ ಗೊತ್ತಿತ್ತೋ ಏನೋ, ಅದಕ್ಕೇ ದುಡಿ ಬಾರಿಸಲು ಬಿಟ್ಟರು. 1975ರಲ್ಲಿ ಸಿನಿಮಾ ಆದಾಗಲೂ ಜನರ ಎದೆಯಲ್ಲಿ ಉಳಿದದ್ದು ಆ ಸದ್ದು.

ಇನ್ನೊಂದು ಅನಂತಮೂರ್ತಿಯವರ 'ಭಾರತೀಪುರ', 1973. ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ನಮ್ಮ ಎಂ.ಎ.ಗೆ ಒಬ್ಬ ನಾಯಕ ಬೇಕಿದ್ದರೆ ಇವನೇ. ಎರಡು ಸಂಸ್ಕೃತಿ ಬಲ್ಲವನು, ಒಳ್ಳೆಯ ಉದ್ದೇಶದವನು. ದೇವರ ಕೋಣೆಯ ಸಾಲಿಗ್ರಾಮ ತಂದು ಅಂಗಳದಲ್ಲಿ ನಿಂತ ಹುಡುಗರಿಗೆ ಮುಟ್ಟಿ ಎನ್ನುತ್ತಾನೆ. ಅವರಿಗೆ ಆಗುವುದಿಲ್ಲ. ಇವನಿಗೆ ಸಿಟ್ಟು ಬರುತ್ತದೆ, ಆ ಸಿಟ್ಟಿನ ಕ್ಷಣದಲ್ಲಿ ಅವರು ಇವನ ಕಣ್ಣಿಗೆ ಮನುಷ್ಯರಾಗಿ ಉಳಿಯುವುದಿಲ್ಲ. ಕಡೆಗೆ ಅವರು ಹೆದರಿ ಮುಟ್ಟುತ್ತಾರೆ. ಬಹಳ ಪ್ರಾಮಾಣಿಕ ಪುಟಗಳು ಅವು. ಜಗನ್ನಾಥನ ಒಳಗೆ ಏನಾಯಿತು ಎಂದು ಬರೆಯಲು ಆ ಲೇಖಕರಿಗೆ ಎಷ್ಟು ಜಾಗ! ಮುಟ್ಟಿದ ಹುಡುಗ ರಾತ್ರಿ ತನ್ನ ಗುಡಿಸಲಿನಲ್ಲಿ ಏನು ಹೇಳಿದ? ಅದು ಗೊತ್ತಿಲ್ಲ. ಕ್ಲಾಸಿನಲ್ಲಿ ಕೊಡುವ 'ಕೇಸ್ ಸ್ಟಡಿ'ಗಳೂ ಹೀಗೆಯೇ. ಹೊರಗಿನಿಂದ ಬಂದವನ ಗೊಂದಲಕ್ಕೆ ಎರಡು ಪುಟ, ಎದುರು ನಿಂತವನಿಗೆ ಒಂದು ವಿಶೇಷಣ.

ಅದೇ 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಶಬ್ದ ಆಡಿದರು. ಉತ್ತರವಾಗಿ ಕಲ್ಲು ಬಂತು, ಮಂತ್ರಿ ಪದವಿ ಹೋಯಿತು. ಆ ಕಲ್ಲುಗಳ ನಡುವಿನಿಂದ ಎದ್ದು ಬಂದ ಬರವಣಿಗೆಯಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' 1984ರದು. ಅದು ಬಂದಾಗ ಓದಿದವರು ಎಂದುಕೊಂಡವರೇ ಇದು ಅರ್ಥವಾಗುವುದಿಲ್ಲ, ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಕು ಎಂದು ತಮಾಷೆ ಮಾಡಿದರಂತೆ. ನನಗೆ ಆ ತಮಾಷೆ ಬಹಳ ಇಷ್ಟ. ಒಂದು ಸಲವಾದರೂ ಚಾವಡಿಯವರು ಅಂಗಳದ ತುದಿಗೆ ಬಂದು, ಏನಂದೆ, ಇನ್ನೊಮ್ಮೆ ಹೇಳು ಎಂದು ಕೇಳಬೇಕಾಯಿತಲ್ಲ!

ದಿನದ ಬದುಕಿನಲ್ಲಿ ಹಾಗಾಗುವ ಹೊತ್ತು ಒಂದೇ ಒಂದು. ಅದು ಕೋಲದ ರಾತ್ರಿ. ನಲಿಕೆ, ಪಂಬದ, ಪರವ, ದೈವ ಕಟ್ಟುವವರೆಲ್ಲ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಇರುವವರು. ಅಣಿ ಕಟ್ಟಿ, ಗಗ್ಗರ ಕಟ್ಟಿದ ಮೇಲೆ ಗುತ್ತಿನ ಯಜಮಾನ ಅದೇ ಮನುಷ್ಯನ ಮುಂದೆ ಕೈಮುಗಿದು ನಿಲ್ಲುತ್ತಾನೆ. ದೈವ ನುಡಿ ಕೊಡುತ್ತದೆ, ತಪ್ಪು ಎತ್ತಿ ಆಡುತ್ತದೆ. ಯಜಮಾನ ತಲೆ ಬಗ್ಗಿಸಿ ಕೇಳುತ್ತಾನೆ. ಇದನ್ನು ನೋಡಿ ಹೊರಗಿನ ವಿದ್ವಾಂಸರು ಮರುಳಾಗುತ್ತಾರೆ, 2022ರಲ್ಲಿ 'ಕಾಂತಾರ' ನೋಡಿ ದೇಶವೇ ಮರುಳಾಯಿತು. ನಾನೂ ಸಣ್ಣವನಿದ್ದಾಗ ಮೈ ಜುಮ್ಮೆಂದು ನಿಂತವನೇ. ಆದರೆ ಆ ನುಡಿಯನ್ನೂ ಕಿವಿಯಿಟ್ಟು ಕೇಳಿ. ಯಾರನ್ನು ಮೊದಲು ಕರೆಯಬೇಕು, ಯಾರನ್ನು ಆಮೇಲೆ, ಯಾವ ಮನೆಗೆ ಯಾವ ಮರ್ಯಾದೆ, ಅಲ್ಲೂ ಕ್ರಮ ಉಂಟು. ದೈವ ಆ ಕ್ರಮವನ್ನು ಮೀರುವುದಿಲ್ಲ. ಬೆಳಿಗ್ಗೆ ಅರದಾಳ ತೊಳೆದ ಮೇಲೆ ಅವನು ತನ್ನ ಪಾಲಿನ ಅಕ್ಕಿ ಕಟ್ಟಿಕೊಂಡು ಬರುವ ದಾರಿ ಅಂಗಳದ ತುದಿಯದೇ.

ಈ ವಿದ್ಯೆಯಲ್ಲಿ ನನಗೆ ಹಿಡಿಸಿದ್ದು ಇಲ್ಲವೇ ಇಲ್ಲ ಅಂತಲ್ಲ. ಫಿನ್‌ಲೆಂಡಿನ ಲೌರಿ ಹೋಂಕೋ, ಆತನ ಹೆಂಡತಿ ಆನೆಲಿ, ನಮ್ಮವರಾದ ವಿವೇಕ ರೈ, ಚಿನ್ನಪ್ಪ ಗೌಡ, ಈ ನಾಲ್ವರು 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರ ಬಾಯಿಂದ ಸಿರಿ ಮಹಾಕಾವ್ಯವನ್ನು ದಿನಗಟ್ಟಲೆ ಕೂತು ಧ್ವನಿಮುದ್ರಿಸಿಕೊಂಡರು. 15,683 ಸಾಲು! 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ತುಳು ಸಾಲು ಒಂದು ಕಡೆ, ಇಂಗ್ಲಿಷ್ ಒಂದು ಕಡೆ. ಅದನ್ನು ಲೈಬ್ರರಿಯಲ್ಲಿ ಬಿಡಿಸಿ ನೋಡಿದ ದಿನ ನಾನು ಮಧ್ಯಾಹ್ನದ ಊಟಕ್ಕೆ ಹೋಗಲಿಲ್ಲ. ಪುಸ್ತಕ ಓದಿ ಗೊತ್ತಿಲ್ಲದ ಒಬ್ಬ ಹಾಡುಗಾರನ ಎದುರು ದೊಡ್ಡ ಪಂಡಿತರು ಶಿಷ್ಯರ ಹಾಗೆ ಕೂತಿದ್ದಾರೆ, ಆತ ನಿಲ್ಲಿಸಿದಾಗ ನಿಲ್ಲಿಸಿದ್ದಾರೆ, ಆತನ ಹೆಸರನ್ನು ಕವಿಯ ಜಾಗದಲ್ಲಿ ಇಟ್ಟಿದ್ದಾರೆ. ಸಮುದ್ರದಾಚೆಯವರಿಗೆ ಕೇಳಿಸಿಕೊಳ್ಳಲು ಆಯಿತು. ಹಾಗಂತ ನೇಜಿ ನೆಡುತ್ತಾ ಸಿರಿಯನ್ನೋ ಇನ್ನೊಂದು ಪಾಡ್ದನವನ್ನೋ ಹಾಡುವ ಹೆಂಗಸರಿಗೆ ಆ ಪುಸ್ತಕ ತಲುಪಿದೆಯಾ ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಆದರೂ ಹೇಗೆ ಕೂರಬೇಕು ಎಂಬುದಕ್ಕೆ ಅದು ಪಾಠ. ನಮ್ಮ ಓದುವ ಪಟ್ಟಿಯಲ್ಲಿ ಅದೂ ಇರಲಿಲ್ಲ.

ಇರಬೇಕಾಗಿದ್ದು, ಇಲ್ಲದೆ ಹೋದ ಇನ್ನೊಂದು ಹೆಸರು ಹೇಳದೆ ಈ ಬರಹ ಮುಗಿಸಲಾರೆ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಓದಲು ಒಬ್ಬ ಹುಡುಗ ಹೋದ. ವಯಸ್ಸು 22. ಭೀಮರಾವ್ ಅಂಬೇಡ್ಕರ್. ಜಾನ್ ಡ್ಯೂಯಿಯ ತರಗತಿಯಲ್ಲಿ ಕೂತ. 1916ರ ಮೇ ತಿಂಗಳಲ್ಲಿ ಅಲ್ಲಿನ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ. ನನ್ನ ಗೈಡು ಹೇಳಿದ ಮಾತಿಗೆ ಉತ್ತರ ಅಲ್ಲೇ ಉಂಟು. ಈ ದೇಶದ ಜನರಲ್ಲಿ ಸಂಸ್ಕೃತಿಯ ಏಕತೆ ಇದೆ, ಒಂದಾಗಿರುವುದನ್ನೇ ಕತ್ತರಿಸಿ ತುಂಡು ತುಂಡು ಮಾಡಿದ್ದು ಜಾತಿ ಎನ್ನುವುದು ಆ ಪ್ರಬಂಧದ ವಾದ. ಅಂದರೆ ಬೇರೆಬೇರೆ ಸಂಸ್ಕೃತಿಗಳಿದ್ದು ನಡುವೆ ದೂರ ಹುಟ್ಟಿದ್ದಲ್ಲ. ದೂರವನ್ನು ಕಾನೂನು ಮಾಡಿ ಹೇರಿದ್ದು. ಇಬ್ಬರೂ ತುಳುವರು, ಇಬ್ಬರದೂ ಒಂದೇ ಭೂತ, ಹೌದು ಸರ್; ಅದೇ ಅಲ್ವಾ ಪ್ರಶ್ನೆ?

ಇಪ್ಪತ್ತು ವರ್ಷದ ಮೇಲೆ, 1936ರಲ್ಲಿ, ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಕರೆದು ಆಮೇಲೆ ಬೇಡವೆಂದ ಭಾಷಣವನ್ನು ಅವರು 'ಜಾತಿ ವಿನಾಶ' ಎಂದು ತಾವೇ ಅಚ್ಚು ಹಾಕಿಸಿದರು. ಆಡಲು ಬಿಡದ ಭಾಷಣ. ಅದನ್ನು ರಾಜಕೀಯದ ಪುಸ್ತಕ ಎಂದು ಓದುತ್ತೇವೆ. ನಾನು ಅದನ್ನು ಸಂವಹನದ ಪಠ್ಯ ಎಂದು ಓದಿದೆ. ಹತ್ತಿರ ಹತ್ತಿರ ವಾಸ ಮಾಡಿದ ಮಾತ್ರಕ್ಕೆ ಜನ ಸಮಾಜವಾಗುವುದಿಲ್ಲ. ಒಂದೇ ರೀತಿಯ ಹಬ್ಬ, ಒಂದೇ ರೀತಿಯ ನಂಬಿಕೆ ಇದ್ದ ಮಾತ್ರಕ್ಕೂ ಆಗುವುದಿಲ್ಲ. ಒಬ್ಬರ ಅನುಭವ ಇನ್ನೊಬ್ಬರಿಗೆ ಮುಟ್ಟಬೇಕು, ಇಬ್ಬರಿಗೂ ಸೇರಿದ ಬದುಕು ಬೇಕು, ಅದಕ್ಕೆ ಇರುವ ದಾರಿ ಸಂವಹನ ಒಂದೇ ಎನ್ನುವುದನ್ನು ಅಂಬೇಡ್ಕರ್ ಅಲ್ಲಿ ತಮ್ಮ ಗುರು ಡ್ಯೂಯಿಯ ಜಾಡು ಹಿಡಿದು ಬಿಡಿಸಿ ಹೇಳುತ್ತಾರೆ. ಹಾಲ್‌ನ ಮೊದಲ ಪುಸ್ತಕಕ್ಕೆ ಇನ್ನೂ 23 ವರ್ಷ ಇತ್ತು. ಗ್ರಾಮದ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರು ಆ ಪುಟಗಳನ್ನು ಒಮ್ಮೆ ತೆಗೆದು ನೋಡಿ. ಕನ್ನಡದಲ್ಲಿ ಸಿಗುತ್ತದೆ. ನಿಮ್ಮ ತರಗತಿಯಲ್ಲಿ ಯಾವ ಮಗು ಯಾವ ಬೆಂಚಿನಲ್ಲಿ ಕೂರುತ್ತದೆ, ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರಿಲ್ಲ ಎಂದು ನೋಡಲು ಹಾಲ್‌ನ ಅಳತೆಪಟ್ಟಿಯೂ ಬರಲಿ, ಬೇಡ ಅನ್ನುವುದಿಲ್ಲ.

ನಾನು ಕೊನೆಗೆ ಏನು ಮಾಡಿದೆ ಅಂತ ಕೇಳ್ತೀರಿ. ಹೊರದೇಶದ ವಿದ್ಯಾರ್ಥಿಗಳು ಇಲ್ಲಿನ ಊಟಕ್ಕೆ ಹೊಂದಿಕೊಳ್ಳುವ ಬಗ್ಗೆ ಎಂಬತ್ತು ಪುಟ ಬರೆದೆ. ನಲವತ್ತು ಜನಕ್ಕೆ ಪ್ರಶ್ನಾವಳಿ, ಆರು ಕೋಷ್ಟಕ. ಪಾಸಾದೆ. ನಮ್ಮ ಮನೆಯಲ್ಲಿ ಮೊದಲ ಎಂ.ಎ. ನಾಚಿಕೆ ಇಲ್ಲದೆ ಹೇಳುತ್ತೇನೆ, ಆ ಡಿಗ್ರಿ ನನಗೆ ಬೇಕಿತ್ತು.

ಮತ್ತೊಂದು ನೋಟ್ ಪುಸ್ತಕ ಬೇರೆ ಉಂಟು. ಮಳೆಗಾಲದ ಸಂಜೆ ಅಮ್ಮ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುವಾಗ ನಾನು ಮೊಬೈಲ್ ಪಕ್ಕದಲ್ಲಿಟ್ಟು ಅವಳ ಮಾತು ಹಿಡಿದು, ಆಮೇಲೆ ಕನ್ನಡ ಅಕ್ಷರದಲ್ಲಿ ತುಳುವನ್ನು ಇಳಿಸುತ್ತೇನೆ. ಮದುವೆಯ ಕತೆ, ಬರಗಾಲದ ಕತೆ, ಗೆರಟೆಯಲ್ಲಿ ಹುಯ್ದ ಗಂಜಿಯ ಕತೆ, ಎಲ್ಲ ಸರಾಗ ಬರುತ್ತದೆ. ಆ ಅಂಗಳದ ಮಾತು ಬಂದ ಕೂಡಲೇ ಅವಳ ಕೈ ನಿಲ್ಲುತ್ತದೆ. "ಅದನ್ನು ಬಂದ್ ಮಾಡು" ಅನ್ನುತ್ತಾಳೆ. ಇಲ್ಲಿಂದ ಆ ಮನೆಗೆ ಎರಡು ಗದ್ದೆ ದಾಟಬೇಕು, ಮಳೆ ಧೋ ಎಂದು ಸುರಿಯುತ್ತಿರುತ್ತದೆ, ಯಾರಿಗೂ ಕೇಳುವುದಿಲ್ಲ. ಆದರೂ ನಾನು ಬಂದ್ ಮಾಡುತ್ತೇನೆ. ಅವಳು ಬಾಗಿಲ ಕಡೆ ಒಮ್ಮೆ ನೋಡುತ್ತಾಳೆ, ದನಿ ತಗ್ಗಿಸುತ್ತಾಳೆ, ಆಮೇಲೆ ಹೇಳಲು ಸುರು ಮಾಡುತ್ತಾಳೆ.